ಜಾರುಕೋಣೆಯ ಪಟ್ಟಿಗೆ ಏನು ಹಚ್ಚಬೇಕು: ಎರಡು ಮಳೆಗಾಲ ಬಳಸಿ ನೋಡಿದ ಮೂರು ಡಬ್ಬಿಗಳು

ಹುಬ್ಬಳ್ಳಿಯ ನವನಗರದ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಕ್ಯಾರವಾನಿನ, ಅಂದರೆ ಒಳಗೇ ಉಂಡು ಮಲಗಬಹುದಾದ ಪ್ರವಾಸದ ಗಾಡಿಯ, ಬಲಗೋಡೆಗೆ ಒಂದು ಸ್ಲೈಡ್‌ಔಟ್ ಇದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಗುಂಡಿ ಒತ್ತಿ ಹಿಡಿದರೆ ಗೋಡೆಯ ಆ ಭಾಗವು ತನ್ನ ಸೋಫಾ, ಊಟದ ಮೇಜು, ಕಿಟಕಿಗಳ ಸಮೇತ ಎರಡು ಅಡಿ ಹೊರಕ್ಕೆ ಸರಿಯುತ್ತದೆ. ಆರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರಬೇಕಾದ ಇಕ್ಕಟ್ಟು ಹೋಗಿ, ಆರಾಮವಾಗಿ ರೊಟ್ಟಿ ಬಿಚ್ಚಿಕೊಂಡು ಉಣ್ಣಬಹುದಾದ ಒಂದು ಕೋಣೆ ಆಗುತ್ತದೆ. ನನ್ನ ಹೆಂಡತಿ ಇದಕ್ಕೆ ಜಾರುಕೋಣೆ ಎಂದು ಹೆಸರಿಟ್ಟಳು. ಈಗ ಮನೆಮಂದಿಯೆಲ್ಲ ಹಾಗೆಯೇ ಕರೆಯುತ್ತೇವೆ. ಗಾಡಿ ನನಗೂ ನನ್ನ ಭಾವನಿಗೂ ಸೇರಿದ್ದು. ಓಡಿಸುವವರು ಅವರು, ನೋಡಿಕೊಳ್ಳುವವನು ನಾನು. 1997ರಲ್ಲಿ ವಾಯವ್ಯ ಸಾರಿಗೆ ಬೇರೆ ಸಂಸ್ಥೆಯಾಗುವುದಕ್ಕೆ ಮೊದಲೇ ಡಿಪೋ ಸೇರಿ, ಬಸ್ಸುಗಳ ಅಡಿಯಲ್ಲಿ ಮಲಗಿಯೇ ನೌಕರಿ ಮುಗಿಸಿದ ಮೆಕ್ಯಾನಿಕ್ ನಾನು. ಆದ್ದರಿಂದ ಗ್ರೀಸು, ಎಣ್ಣೆಗಳ ವಿಷಯದಲ್ಲಿ ನನಗೆ ಹೊಸದಾಗಿ ಕಲಿಯುವುದೇನೂ ಇಲ್ಲವೆಂದು ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿದ ಮೇಲೆ ಮೂರು ಬಗೆಯ ಡಬ್ಬಿಗಳನ್ನು ಕೊಂಡು, ಎರಡು ಮಳೆಗಾಲ ಮತ್ತು ಎರಡು ಬೇಸಿಗೆ ಬಳಸಿ, ಪ್ರತಿ ಸಲವೂ ಡೈರಿಯಲ್ಲಿ ಬರೆದಿಟ್ಟು, ಈಗ ಅವುಗಳ ಗುಣದೋಷಗಳನ್ನು ಇಲ್ಲಿ ಹೇಳುತ್ತಿದ್ದೇನೆ. ಒಣ ಪಿಟಿಎಫ್‌ಇ ಸ್ಪ್ರೇ, ಸಿಲಿಕಾನ್ ಸ್ಪ್ರೇ, ಬಿಳಿ ಲಿಥಿಯಂ ಗ್ರೀಸ್ ಇವೇ ಆ ಮೂರು.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಗಾಡಿ ಮನೆಗೆ ಬಂದ ಹೊಸತರಲ್ಲಿ ಕೋಣೆ ಸರಿಯುವಾಗ ಕಿರ್ ಎಂಬ ಸಣ್ಣ ಶಬ್ದ ಬರುತ್ತಿತ್ತು. ಶಬ್ದ ಬಂದಲ್ಲಿ ಗ್ರೀಸು ಹಚ್ಚುವುದು ಡಿಪೋದವರ ಕೈಗೆ ಅಂಟಿದ ಅಭ್ಯಾಸ. ಸ್ಪ್ರಿಂಗ್ ಪಿನ್ನುಗಳಿಗೆ ಒತ್ತುವ ಚಾಸಿ ಗ್ರೀಸನ್ನೇ ಬೆರಳಿನಿಂದ ತೆಗೆದು, ಕೋಣೆ ಸರಿಯಲು ಅದರ ಎರಡೂ ಬದಿಗೆ ಕೂರಿಸಿದ ಅಲ್ಯೂಮಿನಿಯಂ ಹಲ್ಲಿನ ಪಟ್ಟಿಗಳಿಗೆ, ಒಂದು ಹಲ್ಲೂ ಬಿಡದಂತೆ ತುಂಬಿದೆ. ಶಬ್ದ ನಿಂತಿತು, ಕೋಣೆ ಬೆಣ್ಣೆಯಂತೆ ಜಾರಿತು, ನಾನು ಸಮಾಧಾನಪಟ್ಟೆ. ಮೂರು ವಾರಗಳ ನಂತರ ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟೆವು. ಧಾರವಾಡದಿಂದ ಗುಡ್ಡ ದೂರವೇನಲ್ಲ, ಆದರೆ ಆ ದಿನಗಳಲ್ಲಿ ದಾರಿಯುದ್ದಕ್ಕೂ ಚಕ್ಕಡಿಗಳು, ಟ್ರ್ಯಾಕ್ಟರುಗಳು. ಗುಡ್ಡದ ಬುಡದಲ್ಲಿ ಬೀಡು ಬಿಡುವ ಬಯಲಿನಲ್ಲಂತೂ ಮಣ್ಣು ಹಿಟ್ಟಿನಂತೆ ಕಾಲು ಮುಳುಗುವಷ್ಟು. ಎರಡನೆಯ ದಿನ ಸಂಜೆ ಕೋಣೆಯನ್ನು ಒಳಗೆ ಎಳೆಯಲು ಗುಂಡಿ ಒತ್ತಿದರೆ ಹಿಂಬದಿ ಒಳಗೆ ಬಂತು, ಮುಂಬದಿ ಬರಲಿಲ್ಲ. ಕೋಣೆ ಸೊಟ್ಟಗೆ ನಿಂತು, ಮೋಟರು ಗುಂಯ್ ಎಂದು, ಅದನ್ನು ನಡೆಸುವ ಕಂಟ್ರೋಲರ್ ತಾನಾಗಿ ಬಂದಾಯಿತು.

ನಮ್ಮ ಪಕ್ಕದಲ್ಲಿ ಕುಂದಗೋಳದ ಕಡೆಯ ಒಂದು ಕುಟುಂಬದ ಚಕ್ಕಡಿ ಬಿಟ್ಟಿತ್ತು. ಮನೆಯ ಹಿರಿಯರು ಮರುದಿನದ ದಾರಿಗೆಂದು ಗಾಲಿಯ ಕಡಾಣಿ ತೆಗೆದು ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ನಮ್ಮ ಪಾಡು ನೋಡಿ ಬಂದು, ಪಟ್ಟಿಯ ಮೇಲೆ ಬೆರಳಾಡಿಸಿ, ಅದನ್ನು ನನ್ನ ಕಣ್ಣಿನ ಹತ್ತಿರ ಹಿಡಿದು, "ಅಣ್ಣಾರ, ಕೀಲೆಣ್ಣಿ ಕೀಲಿನ ಒಳಗ ಇರಬೇಕ್ರಿ. ಹೊರಗ ಹಚ್ಚಿದ್ರ ಧೂಳೆಲ್ಲ ಅಲ್ಲೇ ಬಂದು ಕೂಡತೈತಿ" ಎಂದರು. ಅವರ ಬೆರಳ ತುದಿಯಲ್ಲಿದ್ದದ್ದು ಗ್ರೀಸ್ ಆಗಿ ಉಳಿದಿರಲಿಲ್ಲ. ಕಪ್ಪಗೆ, ದಪ್ಪಗೆ, ಎರಡು ಬೆರಳ ನಡುವೆ ಉಜ್ಜಿದರೆ ಸಣ್ಣ ಮರಳಿನ ಕಾಳು ಕರಕರ ಎನ್ನುವ ಆ ಸಾಮಾನನ್ನು ನಾನು ಚೆನ್ನಾಗಿ ಬಲ್ಲೆ. ಎಂಜಿನ್ನಿನ ವಾಲ್ವುಗಳನ್ನು ಸೀಟಿಗೆ ಕೂರಿಸಲು ನಾವು ಬಳಸುವ ಗ್ರೈಂಡಿಂಗ್ ಪೇಸ್ಟ್ ಹಾಗೆಯೇ ಇರುತ್ತದೆ. ಅದರ ಕೆಲಸ ಲೋಹವನ್ನು ತಿನ್ನುವುದು. ಮೆದುವಾದ ಅಲ್ಯೂಮಿನಿಯಂ ಹಲ್ಲುಗಳಿಗೆ ನಾನೇ ನನ್ನ ಕೈಯಾರೆ ಅಂಥದ್ದನ್ನು ಮೂರು ವಾರ ಉಣ್ಣಿಸಿದ್ದೆ. ಆ ರಾತ್ರಿ ಮೋಟರುಗಳ ಹಿಡಿತ ಬಿಡಿಸಿ, ನಾಲ್ಕು ಜನ ಸೇರಿ, ಎರಡೂ ಬದಿಯನ್ನು ಸಮನಾಗಿ ತಳ್ಳಿ ಕೋಣೆಯನ್ನು ಒಳಗೆ ಸೇರಿಸಿದೆವು.

ಮನೆಗೆ ಬಂದು ಪಟ್ಟಿಗಳನ್ನು ತೊಳೆಯಲು ಎರಡು ದಿನ ಹಿಡಿಯಿತು. ಚಿಮಣಿ ಎಣ್ಣೆ ಸುರಿದು ತೊಳೆದುಬಿಡೋಣವೆಂದು ಭಾವ ಹೇಳಿದರು, ನಾನು ಬೇಡವೆಂದೆ. ಪಟ್ಟಿಯ ಪಕ್ಕದಲ್ಲಿಯೇ ಕೋಣೆಯ ಸುತ್ತ ಹಾಯುವ ರಬ್ಬರ್ ಸೀಲು ಇದೆ. ಈ ಸೀಲುಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನವು. ಬಿಸಿಲು ಮತ್ತು ನೀರನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ, ಪೆಟ್ರೋಲಿಯಂ ಎಣ್ಣೆಯನ್ನು ಮಾತ್ರ ತಾಳಿಕೊಳ್ಳುವುದಿಲ್ಲ. ಡೀಸೆಲ್, ಚಿಮಣಿ ಎಣ್ಣೆ, ಗ್ರೀಸು ತಾಗಿದರೆ ಉಬ್ಬಿ, ಮೆತ್ತಗಾಗಿ, ಕೊನೆಗೆ ಆಕಾರ ಕಳೆದುಕೊಳ್ಳುತ್ತದೆ. ಹಾಗಾಗಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಹಲ್ಲಿನ ಸಂದಿಯನ್ನು ಕೆದಕಿ ತೆಗೆದೆ. ಕೆಳಗಿನ ಪಟ್ಟಿಯ ಏಳೆಂಟು ಹಲ್ಲುಗಳ ಮೂಲೆ ಸವೆದು ಹೊಳೆಯುತ್ತಿದ್ದವು. ಅವು ಇವತ್ತಿಗೂ ಹಾಗೆಯೇ ಇವೆ; ಕೋಣೆ ಹೊರಗೆ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಡಬ್ಬಿಗಳ ಮಾತಿಗೆ ಬರುವ ಮೊದಲು ಯಂತ್ರದ ಮಾತು ಸ್ವಲ್ಪ ಹೇಳಲೇಬೇಕು, ಏಕೆಂದರೆ ಯಾವ ಬಗೆಯ ಸ್ಲೈಡ್ ಎಂಬುದನ್ನು ನೋಡದೆ ಏನನ್ನೂ ಹಚ್ಚಬಾರದು. ಕೆಲವು ಗಾಡಿಗಳಲ್ಲಿ ನೆಲದಡಿಯ ಚಾಸಿಯಿಂದ ಉಕ್ಕಿನ ರ‍್ಯಾಕ್ ಎಂಬ ಹಲ್ಲಿನ ಪಟ್ಟಿ ಮತ್ತು ಪಿನಿಯನ್ ಎಂಬ ಹಲ್ಲಿನ ಚಕ್ರ ಕೋಣೆಯನ್ನು ಹೊರಗೆ ನೂಕುತ್ತವೆ. ಕೆಲವದರಲ್ಲಿ ತಂತಿ ಹಗ್ಗಗಳು ಎಳೆಯುತ್ತವೆ. ಭಾರದ ದೊಡ್ಡ ಕೋಣೆಗಳಿಗೆ ಹೈಡ್ರಾಲಿಕ್ ಇರುತ್ತದೆ. ನಮ್ಮದು ಗೋಡೆಯೊಳಗಿನ ಬಗೆ. ಕೋಣೆಯ ಎರಡೂ ಬದಿಯ ಗೋಡೆಗೆ ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ಪಟ್ಟಿ, ಪ್ರತಿ ಬದಿಗೂ ಒಂದು ಸಣ್ಣ 12 ವೋಲ್ಟಿನ ಮೋಟರು, ಆ ಮೋಟರಿನಿಂದ ತಿರುಗುವ ಒಂದು ನಿಂತ ಶಾಫ್ಟು, ಶಾಫ್ಟಿನ ಎರಡು ತುದಿಯ ಪಿನಿಯನ್ನುಗಳು ಪಟ್ಟಿಯ ಹಲ್ಲಿನಲ್ಲಿ ಕೂತು ಕೋಣೆಯನ್ನು ಸರಿಸುತ್ತವೆ. ಅಮೆರಿಕದಲ್ಲಿ ಈ ಬಗೆಯನ್ನು ಶ್ವಿಂಟೆಕ್ ಎಂಬ ಹೆಸರಿನಿಂದಲೇ ಹೆಚ್ಚಾಗಿ ಗುರುತಿಸುತ್ತಾರೆ. ಅದು ಈಗ ಲಿಪ್ಪರ್ಟ್ ಕಂಪನಿಯ ಸ್ವತ್ತು. ಎರಡು ಬದಿಯ ಮೋಟರುಗಳ ನಡುವೆ ಲೋಹದ ಸಂಬಂಧವಿಲ್ಲ. ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯುವಂತೆ ನೋಡಿಕೊಳ್ಳುವುದು ಕಂಟ್ರೋಲರ್. ಒಂದು ಬದಿಯ ಪಟ್ಟಿ ಕೊಳೆಯಿಂದ ಬಿಗಿಯಾದರೆ ಆ ಬದಿಯ ಮೋಟರು ಹಿಂದೆ ಬೀಳುತ್ತದೆ, ಕೋಣೆ ಸೊಟ್ಟಗಾಗುತ್ತದೆ. ಗುಡ್ಡದಲ್ಲಿ ನಮಗೆ ಆದದ್ದು ಇದೇ. ಈ ಬಗೆಯ ಪಟ್ಟಿಗೆ ಎಣ್ಣೆ, ಗ್ರೀಸು ಬೇಡ, ಅಗತ್ಯವಿದ್ದರೆ ಒಣಗಿ ಉಳಿಯುವ ಲ್ಯೂಬ್ರಿಕೆಂಟ್ ಮಾತ್ರ ಎಂಬುದು ತಯಾರಕರ ಸಲಹೆಯೂ ಹೌದು. ಪುಸ್ತಕವನ್ನು ಮೊದಲೇ ಓದಿದ್ದರೆ ಏಳೆಂಟು ಹಲ್ಲು ಉಳಿಯುತ್ತಿದ್ದವು.

ಮೊದಲನೆಯ ಡಬ್ಬಿ ಒಣ ಪಿಟಿಎಫ್‌ಇ ಸ್ಪ್ರೇ. ನಾನು ಹೆಚ್ಚಾಗಿ ಬಳಸಿದ್ದು ಡಬ್ಲ್ಯೂಡಿ-40 ಕಂಪನಿಯ ಸ್ಪೆಷಲಿಸ್ಟ್ ಸಾಲಿನದು. ಪಿಟಿಎಫ್‌ಇ ಎಂದರೆ ಅಡುಗೆಮನೆಯ ನಾನ್‌ಸ್ಟಿಕ್ ತವೆಗೆ ಲೇಪಿಸುವ ಟೆಫ್ಲಾನ್. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿಯ ಕೈಗೆ ಆಕಸ್ಮಿಕವಾಗಿ ಸಿಕ್ಕ ವಸ್ತು. ಅದರ ನುಣ್ಣನೆಯ ಪುಡಿಯನ್ನು ಬೇಗ ಆರಿಹೋಗುವ ದ್ರಾವಕದಲ್ಲಿ ಕಲಸಿ ಡಬ್ಬಿಯಲ್ಲಿ ತುಂಬಿರುತ್ತಾರೆ. ಹೊಡೆದಾಗ ಒದ್ದೆಯಾಗಿ ಬೀಳುತ್ತದೆ, ಕೆಲವು ನಿಮಿಷಗಳಲ್ಲಿ ದ್ರಾವಕ ಆರಿ, ಮಸುಕು ಬಿಳಿಯ ತೆಳು ಪೊರೆಯೊಂದು ಹಲ್ಲುಗಳ ಮೇಲೆ ಉಳಿಯುತ್ತದೆ. ಬೆರಳಿಂದ ಮುಟ್ಟಿದರೆ ಅಂಟುವುದಿಲ್ಲ. ಇದರ ಇಡೀ ಹೆಚ್ಚುಗಾರಿಕೆ ಆ ಅಂಟದ ಗುಣದಲ್ಲಿಯೇ ಇದೆ. ನಮ್ಮ ಕಡೆಯ ಧೂಳನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ: ನವಲಗುಂದ, ಅಣ್ಣಿಗೇರಿ, ಗದಗಿನ ಕಡೆಗೆ ಹೊರಟರೆ ಎರೆಮಣ್ಣಿನ ಕಪ್ಪು ಧೂಳು, ಹತ್ತಿ ಬಿಡಿಸುವ ಕಾಲದಲ್ಲಿ ಅದರ ಜೊತೆಗೆ ಅರಳೆಯ ಎಳೆಗಳು, ಕಲಘಟಗಿಯ ಕಡೆಗೆ ಹೊರಟರೆ ಗರಸಿನ ಕೆಂಪು ಧೂಳು. ಗ್ರೀಸಿಗೆ ಇವೆಲ್ಲ ಅಂಟಿ ಕೂರುತ್ತವೆ. ಒಣ ಪೊರೆಯ ಮೇಲೆ ಬಿದ್ದದ್ದನ್ನು ಒಂದಿಂಚಿನ ಪೇಂಟ್ ಬ್ರಷ್ಷಿನಿಂದ ಝಾಡಿಸಿದರೆ ಉದುರಿಹೋಗುತ್ತವೆ.

ಹಚ್ಚುವ ಕ್ರಮ ಸರಳ, ಆದರೆ ಅವಸರಕ್ಕೆ ಆಗುವುದಲ್ಲ. ಕೋಣೆಯನ್ನು ಪೂರ್ತಿ ಹೊರಗೆ ಹಾಕಿ, ಪಟ್ಟಿಗಳನ್ನು ಬ್ರಷ್ಷಿನಿಂದ ಝಾಡಿಸಿ, ಒಣ ಬಟ್ಟೆಯಿಂದ ಒರೆಸಬೇಕು. ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಬೇಕು, ಏಕೆಂದರೆ ಪುಡಿ ತಳದಲ್ಲಿ ಕೂತಿರುತ್ತದೆ. ಅಲುಗಾಡಿಸದೆ ಹೊಡೆದರೆ ಬರೀ ದ್ರಾವಕ ಬಂದು, ಡಬ್ಬಿಯ ಕೊನೆಯಲ್ಲಿ ಹಿಟ್ಟಿನಂತಹ ಪುಡಿ ಬರುತ್ತದೆ. ರಬ್ಬರ್ ಸೀಲಿನ ಹಿಂದೆ ಒಂದು ರಟ್ಟಿನ ತುಂಡು ಹಿಡಿದು, ನಳಿಗೆಯಿಂದ ಹಲ್ಲಿಗೆ ಮಾತ್ರ ತಾಗುವಂತೆ ತೆಳ್ಳಗೆ ಒಂದು ಸಾಲು ಹೊಡೆದು, ಹತ್ತು ನಿಮಿಷ ಆರಲು ಬಿಟ್ಟು, ಕೋಣೆಯನ್ನು ಎರಡು ಸಲ ಒಳಗೆ ಹೊರಗೆ ಆಡಿಸುತ್ತೇನೆ. ಪಿನಿಯನ್ನಿನ ಹಲ್ಲಿಗೂ ಪೊರೆ ತಾನಾಗಿ ವರ್ಗವಾಗುತ್ತದೆ. ಪೂರ್ತಿ ಕೆಲಸಕ್ಕೆ ಮುಕ್ಕಾಲು ತಾಸು ಬೇಕು. ಅದರಲ್ಲಿ ಅರ್ಧ ತಾಸಿಗಿಂತ ಹೆಚ್ಚು ಒರೆಸುವುದಕ್ಕೇ ಹೋಗುತ್ತದೆ, ಹೋಗಲೇಬೇಕು. ಒಮ್ಮೆ ಪರೀಕ್ಷೆಗೆಂದು ಪಟ್ಟಿಯನ್ನು ಬರೀ ಸ್ವಚ್ಛ ಮಾಡಿ, ಏನನ್ನೂ ಹಚ್ಚದೆ ಗಡಿಯಾರ ಹಿಡಿದು ನೋಡಿದೆ. ಧೂಳು ಹಿಡಿದಿದ್ದಾಗ 33 ಸೆಕೆಂಡು ತೆಗೆದುಕೊಳ್ಳುತ್ತಿದ್ದ ಕೋಣೆ ಒರೆಸಿದ ಮೇಲೆ 27 ಸೆಕೆಂಡಿಗೆ ಬಂತು. ಪಿಟಿಎಫ್‌ಇ ಹೊಡೆದ ಮೇಲೆ 25ಕ್ಕೆ. ಹಾಗಾದರೆ ಲಾಭದ ದೊಡ್ಡ ಪಾಲು ಬಟ್ಟೆಯದು, ಸಣ್ಣ ಪಾಲು ಡಬ್ಬಿಯದು. ಇದನ್ನು ನಾನು ಡಬ್ಬಿಯ ಮೇಲಿನ ದೂರೆಂದು ಹೇಳುತ್ತಿಲ್ಲ. ಆ ಎರಡು ಸೆಕೆಂಡಿಗಿಂತ, ಎರಡೂ ಬದಿ ಒಂದೇ ವೇಗದಲ್ಲಿ ಸರಿಯುವುದು, ಮೋಟರಿನ ದನಿ ಮೊದಲಿನಿಂದ ಕೊನೆಯವರೆಗೆ ಒಂದೇ ಮಟ್ಟದಲ್ಲಿರುವುದು ನನಗೆ ಹೆಚ್ಚು ಮುಖ್ಯವೆನಿಸಿತು.

ಇದರ ಕೊರತೆಗಳೂ ಇವೆ. ಪೊರೆ ತೆಳುವಾದ್ದರಿಂದ ಬಹಳ ದಿನ ಬಾಳುವುದಿಲ್ಲ. ಬೇಸಿಗೆಯಲ್ಲಿ ನಮಗೆ ಮೂರು ತಿಂಗಳು ಬಂದರೆ, ಜೋರು ಮಳೆಯ ಆಷಾಢ, ಶ್ರಾವಣಗಳಲ್ಲಿ ಒಂದೂವರೆ ತಿಂಗಳಿಗೇ ಮತ್ತೆ ಹೊಡೆಯಬೇಕಾಯಿತು. ಗ್ರೀಸಿನಂತೆ ಶಬ್ದವನ್ನು ನುಂಗುವುದಿಲ್ಲ. ಲೋಹ ಲೋಹಕ್ಕೆ ತಾಗುವ ಸಣ್ಣ ಸದ್ದು ಉಳಿಯುತ್ತದೆ, ಆ ಸದ್ದು ರೋಗವಲ್ಲವೆಂದು ಒಪ್ಪಿಕೊಳ್ಳಲು ನನ್ನಂಥವನಿಗೆ ಸ್ವಲ್ಪ ಕಾಲ ಬೇಕಾಯಿತು. ಬೆಲೆಯೂ ತುಟ್ಟಿ. ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುವ ಸಾಮಾನೂ ಅಲ್ಲ. ನಾನು ಎರಡು ಸಲ ಆನ್‌ಲೈನ್‌ನಲ್ಲಿ ತರಿಸಬೇಕಾಯಿತು. ಆದರೆ ಒಂದು ಡಬ್ಬಿ ನಮ್ಮ ಒಂದು ಕೋಣೆಗೆ ಒಂದು ವರ್ಷ ದಾಟಿ ಬಂದಿದೆ. ಒಂದು ಪಟ್ಟಿ ಬದಲಿಸುವ ಖರ್ಚಿನ ಮುಂದೆ ಇದು ಲೆಕ್ಕಕ್ಕೆ ಬರುವ ಮಾತಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕಾಗಿದೆ. ಡಬ್ಲ್ಯೂಡಿ-40 ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ನೀಲಿ ಹಳದಿಯ ಆ ಹಳೆಯ ಡಬ್ಬಿ. ಅದು 1953ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು. ಹೆಸರಿನ ಅರ್ಥವೇ ನೀರನ್ನು ಹೊರದೂಡುವ ನಲವತ್ತನೆಯ ಸೂತ್ರ ಎಂದು. ತುಕ್ಕು ಹಿಡಿದ ನಟ್ಟು ಬಿಡಿಸಲು, ಒದ್ದೆಯಾದ ಬೀಗವನ್ನು ಒಣಗಿಸಲು ಅದು ನಮ್ಮ ಮನೆಯಲ್ಲೂ ಸದಾ ಇರುತ್ತದೆ. ಆದರೆ ಅದು ಹಿಂದೆ ಬಿಟ್ಟುಹೋಗುವುದು ತೆಳುವಾದ ಎಣ್ಣೆಯ ಪಸೆ. ಸ್ಲೈಡಿನ ಪಟ್ಟಿಗೆ ಬೇಕಾದದ್ದು ಒಣ ಪೊರೆ. ಅದೇ ಕಂಪನಿ ಒಣ ಸ್ಪ್ರೇಯನ್ನು ಬೇರೆ ಡಬ್ಬಿಯಲ್ಲಿ, ಬೇರೆ ಹೆಸರಿನಲ್ಲಿ ಮಾರುವುದು ಸುಮ್ಮನೆ ಅಲ್ಲ. ಅಂಗಡಿಯಲ್ಲಿ ಬರೀ ಕಂಪನಿಯ ಹೆಸರು ಹೇಳಿ ಕೈ ಚಾಚಿದರೆ ಸಿಗುವುದು ಹಳೆಯದೇ, ಆದ್ದರಿಂದ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ಓದಿಯೇ ಹಣ ಕೊಡಬೇಕು.

ಎರಡನೆಯ ಡಬ್ಬಿ ಸಿಲಿಕಾನ್ ಸ್ಪ್ರೇ. ಇದನ್ನು ನಾನು ಪಟ್ಟಿಗೆ ಬಳಸಿಲ್ಲ, ಸೀಲಿಗೆ ಮಾತ್ರ ಬಳಸಿದ್ದೇನೆ, ಮತ್ತು ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಕೋಣೆಯ ಸುತ್ತ ಎರಡು ತರಹದ ಸೀಲು ಇರುತ್ತದೆ: ಕೋಣೆ ಪೂರ್ತಿ ಹೊರಗೆ ಅಥವಾ ಪೂರ್ತಿ ಒಳಗೆ ಇದ್ದಾಗ ಒತ್ತಿ ಕೂರುವ ಟೊಳ್ಳು ಗುಂಡನೆಯ ಸೀಲು, ಮತ್ತು ಕೋಣೆ ಸರಿಯುವಾಗ ಗೋಡೆಯನ್ನು ಒರೆಸುತ್ತ ಹೋಗುವ ನಾಲಿಗೆಯಂಥ ಸೀಲು. ಎರಡನೆಯದಕ್ಕೆ ಉಜ್ಜಾಟ ಹೆಚ್ಚು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅದು ಒಣಗಿ, ಗೋಡೆಗೆ ಹಿಡಿದುಕೊಂಡು, ಮೊದಲ ಸಲ ಕೋಣೆ ಹೊರಡುವಾಗ ಚರ್ ಎಂದು ಕಿತ್ತುಕೊಂಡು ಬರುತ್ತಿತ್ತು. ಒಂದು ಕಡೆ ಮಡಚಿ ಒಳಗೆ ಸಿಕ್ಕಿಯೂ ಇತ್ತು. ಸೋಪಿನ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕಾನನ್ನು ಬಟ್ಟೆಗೆ ಹೊಡೆದುಕೊಂಡು, ಆ ಬಟ್ಟೆಯಿಂದ ಸೀಲಿನ ನಾಲ್ಕೂ ಬದಿಯನ್ನು ತಿಕ್ಕಿದೆ. ಆ ದಿನದಿಂದ ಹಿಡಿಯುವುದು ನಿಂತಿತು. ರಬ್ಬರು ಎಮ್ಮೆಯ ಮೂಗಿನಂತೆ ಕಪ್ಪಗೆ, ಮೆತ್ತಗೆ ಉಳಿದಿದೆ. ಎರಡು ಬೇಸಿಗೆಯ ನಂತರವೂ ಬಿರುಕಿಲ್ಲ. ಸಿಲಿಕಾನ್ ಇಪಿಡಿಎಂ ರಬ್ಬರಿಗೆ ಕೇಡು ಮಾಡುವುದಿಲ್ಲ, ಆದರೆ ಕೆಲವು ಅಗ್ಗದ ಡಬ್ಬಿಗಳಲ್ಲಿ ಸಿಲಿಕಾನಿನ ಜೊತೆ ಪೆಟ್ರೋಲಿಯಂ ದ್ರಾವಕವೂ ಬೆರೆತಿರುತ್ತದೆ. ರಬ್ಬರಿಗೆ ಬಳಸಬಹುದೆಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ಕೊಳ್ಳುವುದು ಒಳ್ಳೆಯದು.

ಬಟ್ಟೆಗೆ ಹೊಡೆದು ಒರೆಸಬೇಕು, ನೇರವಾಗಿ ಗಾಡಿಗೆ ಹೊಡೆಯಬಾರದು ಎಂಬುದನ್ನು ನನಗೆ ಕಲಿಸಿದವರು ಗೋಕುಲ ರಸ್ತೆಯ ಕಡೆ ಬಸ್ಸುಗಳ ಹೊರಮೈಗೆ ಪೇಂಟು ಮಾಡುವ ಒಬ್ಬ ಪರಿಚಿತರು. ನಾನು ಡಬ್ಬಿ ಎತ್ತಿದ್ದನ್ನು ನೋಡಿ ಕೈ ಹಿಡಿದು ನಿಲ್ಲಿಸಿದರು. "ಸರ, ಪೇಂಟಿನ ಹತ್ತರ ಇದನ್ನ ಹೊಡೀಬ್ಯಾಡ್ರಿ. ನಾಳೆ ಅಲ್ಲೆ ಟಚ್‌ಅಪ್ ಮಾಡಬೇಕಂದ್ರ ಪೇಂಟ್ ನಿಲ್ಲಂಗಿಲ್ಲ, ಗುಳಿಗುಳಿ ಬೀಳ್ತೈತಿ" ಎಂದರು. ಅವರ ಮಾತು ನಿಜ. ಸಿಲಿಕಾನಿನ ಕಣ್ಣಿಗೆ ಕಾಣದ ಹನಿ ಬಿದ್ದ ಜಾಗದಲ್ಲಿ ಹೊಸ ಬಣ್ಣ ಹರಡದೆ ಹಿಂದೆ ಸರಿದು ಸಣ್ಣ ಸಣ್ಣ ಕುಳಿಗಳಾಗಿ ನಿಲ್ಲುತ್ತದೆ. ಇನ್ನೊಂದು ಎಚ್ಚರಿಕೆ ಮನೆಯ ಹಿರಿಯರಿಗಾಗಿ. ಸ್ಪ್ರೇಯ ತುಂತುರು ಒಳಗಿನ ವಿನೈಲ್ ನೆಲಕ್ಕೆ, ಹತ್ತುವ ಮೆಟ್ಟಿಲಿಗೆ ಬಿದ್ದರೆ ಪಾಚಿಗಟ್ಟಿದ ಕಲ್ಲಿನಷ್ಟು ಜಾರುತ್ತದೆ. ನಮ್ಮ ಅತ್ತೆಯವರು ಗಾಡಿ ಹತ್ತುವಾಗ ಎರಡೂ ಕೈಯಲ್ಲಿ ಚೀಲ ಹಿಡಿದೇ ಹತ್ತುವವರು. ಆ ಮೆಟ್ಟಿಲಿನ ಹತ್ತಿರ ನಾನು ಈ ಡಬ್ಬಿಯನ್ನು ಒಯ್ಯುವುದೇ ಇಲ್ಲ.

ಮೂರನೆಯದು ಬಿಳಿ ಲಿಥಿಯಂ ಗ್ರೀಸ್. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳ್ಳೆಯ ಸಾಮಾನು, ನೀರಿಗೆ ಬೇಗ ಕರಗುವುದಿಲ್ಲ, ಭಾರ ಹೊರುತ್ತದೆ. ಮಡಚುವ ಮೆಟ್ಟಿಲಿನ ಪಿನ್ನುಗಳು, ಸಾಮಾನು ಖಾನೆಯ ಬಾಗಿಲ ಕೀಲುಗಳಂಥ ಒಳಗೆ ಅವಿತಿರುವ ಜಾಗಕ್ಕೆ ನಾನು ಅದನ್ನೇ ಬಳಸುತ್ತೇನೆ. ಚಾಸಿಯಡಿಯಿಂದ ನೂಕುವ ಬಗೆಯ ಸ್ಲೈಡ್ ಇದ್ದವರು, ತಯಾರಕರ ಪುಸ್ತಕದಲ್ಲಿ ಗ್ರೀಸು ಎಂದು ಸ್ಪಷ್ಟವಾಗಿ ಬರೆದ ಕಡೆ ಬಳಸಬಹುದು. ಆದರೆ ಗಾಳಿಗೆ ತೆರೆದ ಪಟ್ಟಿಯ ಮೇಲೆ ಹಚ್ಚಿದರೆ, ಬಣ್ಣ ಬಿಳಿಯಾಗಿದ್ದ ಮಾತ್ರಕ್ಕೆ, ಯಲ್ಲಮ್ಮನ ಗುಡ್ಡದಲ್ಲಿ ಆದದ್ದು ತಪ್ಪುವುದಿಲ್ಲ.

ಯಾವ ಡಬ್ಬಿಯೂ ಬಗೆಹರಿಸದ ತೊಂದರೆಯೂ ಒಂದಿದೆ, ಅದನ್ನು ಡಬ್ಬಿಯ ತಲೆಗೆ ಕಟ್ಟಬಾರದು. ಹೋದ ವರ್ಷ ಲಕ್ಕುಂಡಿಯಲ್ಲಿ, ಪಟ್ಟಿ ಕನ್ನಡಿಯಂತೆ ಸ್ವಚ್ಛವಾಗಿದ್ದರೂ, ಕೋಣೆ ಅರ್ಧ ದಾರಿಯಲ್ಲಿ ನಿಧಾನವಾಗಿ ನಿಂತಿತು. ಮಲ್ಟಿಮೀಟರ್ ಹಚ್ಚಿ ನೋಡಿದರೆ ಗುಂಡಿ ಒತ್ತಿದಾಗ ಬ್ಯಾಟರಿ 11 ವೋಲ್ಟಿನ ಹತ್ತಿರ ಇಳಿಯುತ್ತಿತ್ತು. ಹಿಂದಿನ ರಾತ್ರಿ ಪೂರ್ತಿ ಫ್ಯಾನು ಓಡಿದ್ದರ ಫಲ ಅದು. ತುಂಬಿದ ಲೆಡ್ ಆ್ಯಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಬೇಕು. ಎಂಜಿನ್ ಚಾಲೂ ಮಾಡಿ ಒತ್ತಿದೆವು. ಕೋಣೆ ಏನೂ ಆಗಿಲ್ಲವೆಂಬಂತೆ ಒಳಗೆ ಬಂತು. ಅಂದಿನಿಂದ ಎಂಜಿನ್ ಓಡುತ್ತಿರುವಾಗ, ಇಲ್ಲವೇ ಚಾರ್ಜರ್ ಹಚ್ಚಿರುವಾಗ ಮಾತ್ರ ಕೋಣೆಯನ್ನು ಸರಿಸುತ್ತೇವೆ. ಗುಂಡಿಯನ್ನು ಕೋಣೆ ನಿಂತ ಕೂಡಲೇ ಬಿಡದೆ, ಮೋಟರುಗಳು ತಾವಾಗಿ ನಿಲ್ಲುವವರೆಗೆ ಎರಡು ಮೂರು ಸೆಕೆಂಡು ಹಿಡಿದೇ ಇರುತ್ತೇವೆ. ಈ ಗೋಡೆಯೊಳಗಿನ ಬಗೆಯಲ್ಲಿ ಎರಡೂ ಬದಿಯ ಮೋಟರುಗಳು ಮತ್ತೆ ಸರಿಸಮವಾಗುವುದು ಆ ಕೊನೆಯ ಕ್ಷಣಗಳಲ್ಲಿಯೇ. ಮಕ್ಕಳಿಗೆ ಗುಂಡಿ ಒತ್ತುವ ಆಸೆ ಬಹಳ, ಅವರಿಗೂ ಹೀಗೆಯೇ ಕಲಿಸಿದ್ದೇನೆ. ಒಳಗೆ ಎಳೆಯುವ ಮೊದಲು ಒಬ್ಬರು ಏಣಿ ಹತ್ತಿ ಕೋಣೆಯ ನೆತ್ತಿಯನ್ನು ನೋಡಲೇಬೇಕು. ಬೇವಿನ ಮರದಡಿ ನಿಲ್ಲಿಸಿದ ಒಂದೇ ರಾತ್ರಿಯಲ್ಲಿ ಎಲೆ, ಕಡ್ಡಿ, ಬೇವಿನ ಹಣ್ಣು ಒಂದು ಪುಟ್ಟಿಯಷ್ಟು ಬಿದ್ದಿರುತ್ತವೆ. ಅವೆಲ್ಲ ಸೀಲಿನಡಿ ನುಸುಳಿ ಒಳಗೆ ಬಂದರೆ ರಬ್ಬರು ಹರಿಯುತ್ತದೆ.

ಡಬ್ಬಿಗಳನ್ನು ಇಡುವ ಜಾಗದ ಬಗ್ಗೆಯೂ ಹೇಳಬೇಕು. ಇವು ಒತ್ತಡದ ಡಬ್ಬಿಗಳು, ಒಳಗಿನ ದ್ರಾವಕ ಮತ್ತು ಅನಿಲ ಬೆಂಕಿಗೆ ಹತ್ತಿಕೊಳ್ಳುವಂಥವು. 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖಕ್ಕೆ ಒಡ್ಡಬಾರದೆಂದು ಮೇಲೆಯೇ ಅಚ್ಚಾಗಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಬಾಗಿಲು ಹಾಕಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ ಶಾಖ ಆ ಮಟ್ಟವನ್ನು ದಾಟುವುದು ಕಷ್ಟವಲ್ಲ. ನಾವು ಅವುಗಳನ್ನು ಗಾಡಿಯಲ್ಲಿ ಇಡುವುದಿಲ್ಲ. ಮನೆಯಲ್ಲಿ, ನೆರಳಿನ ಕಪಾಟಿನಲ್ಲಿ ಇಡುತ್ತೇವೆ. ಪ್ರವಾಸಕ್ಕೆ ಒಯ್ಯುವುದು ಬ್ರಷ್ಷು, ಬಟ್ಟೆ ಮತ್ತು ಆಲ್ಕೊಹಾಲಿನ ಸಣ್ಣ ಬಾಟಲಿ ಮಾತ್ರ, ಅದೂ ಒಲೆಯಿಂದ ದೂರದ ಹೊರಗಿನ ಖಾನೆಯಲ್ಲಿ. ಸ್ಪ್ರೇ ಹೊಡೆಯುವ ಕೆಲಸವನ್ನು ಗ್ಯಾಸಿನ ಒಲೆ ಆರಿಸಿ, ಕಿಟಕಿಗಳೆಲ್ಲ ತೆರೆದು ಮಾಡಬೇಕು. ಪಿಟಿಎಫ್‌ಇ ಬೆಂಕಿಯ ಶಾಖಕ್ಕೆ ಸಿಕ್ಕರೆ ಅದರ ಹೊಗೆ ಶ್ವಾಸಕ್ಕೆ ವಿಷ, ಆದ್ದರಿಂದ ಆ ಹೊತ್ತಿನಲ್ಲಿ ಬೀಡಿ ಸಿಗರೇಟು ಸೇದುವವರು ಗಾಡಿಯಿಂದ ದೂರ ಹೋಗಬೇಕು, ಕೈ ತೊಳೆಯದೆ ಆಮೇಲೂ ಸೇದಬಾರದು.

ಹಣ ಒಂದೇ ಡಬ್ಬಿಗೆ ಸಾಕಾಗುತ್ತದೆ ಎನ್ನುವವರಿಗೆ, ಗೋಡೆಯೊಳಗಿನ ಬಗೆಯ ಸ್ಲೈಡ್ ಇದ್ದರೆ, ನಾನು ಮೊದಲು ರಬ್ಬರಿಗೆ ಹಚ್ಚುವ ಸಿಲಿಕಾನ್ ಸ್ಪ್ರೇ ಕೊಳ್ಳಿ ಎಂದೇ ಹೇಳುತ್ತೇನೆ. ಇದು ಕೆಲವರಿಗೆ ಸರಿ ಕಾಣದಿರಬಹುದು. ಪಟ್ಟಿಯನ್ನು ಬ್ರಷ್ಷು ಮತ್ತು ಬಟ್ಟೆಯಿಂದ ಸ್ವಚ್ಛವಾಗಿ ಇಟ್ಟುಕೊಂಡರೆ ಒಂದಿಷ್ಟು ಕಾಲ ಏನನ್ನೂ ಹಚ್ಚದೆ ನಡೆಯುತ್ತದೆ, ನನ್ನ ಗಡಿಯಾರವೇ ಅದನ್ನು ತೋರಿಸಿದೆ. ಆದರೆ ಒಣಗಿ ಬಿರಿದ ಸೀಲಿಗೆ ಬಟ್ಟೆಯಲ್ಲಿ ಔಷಧವಿಲ್ಲ, ಅದರಿಂದ ಒಳಗೆ ಇಳಿದ ನೀರು ಕೋಣೆಯ ನೆಲದ ಪ್ಲೈವುಡ್ಡನ್ನು ಕೊಳೆಸಿದರೆ ರಿಪೇರಿ ಪಟ್ಟಿಯದಕ್ಕಿಂತ ದೊಡ್ಡದು. ಎರಡನೆಯ ಡಬ್ಬಿಗೆ ಹಣ ಕೂಡಿದಾಗ ಪಿಟಿಎಫ್‌ಇ ಕೊಳ್ಳಬೇಕು, ಸಂಶಯವಿಲ್ಲದೆ ಕೊಳ್ಳಬೇಕು. ಲಿಥಿಯಂ ಗ್ರೀಸು ಸ್ಲೈಡ್‌ಗಾಗಿ ಬೇಡ.

ಸೀಲನ್ನು ಪರೀಕ್ಷಿಸಲು ಖರ್ಚಿಲ್ಲದ ಉಪಾಯವೊಂದಿದೆ. ಕ್ಯಾಲೆಂಡರಿನ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಸೀಲು ಮತ್ತು ಗೋಡೆಯ ನಡುವೆ ಇಟ್ಟು, ಕೋಣೆಯನ್ನು ಪೂರ್ತಿ ಕೂರಿಸಿ, ಕಾಗದವನ್ನು ಮೆಲ್ಲಗೆ ಎಳೆಯಬೇಕು. ಬಿಗಿಯಾಗಿ ಬಂದರೆ ಸೀಲು ಸರಿ ಇದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಮಳೆಗೆ ದಾರಿ ಇದೆ. ಒಂದೊಂದು ಗೇಣಿಗೆ ಒಂದರಂತೆ ಸುತ್ತಲೂ ನೋಡುತ್ತ ಹೋಗಬೇಕು. ಮೊನ್ನೆ ಭಾನುವಾರ ನಾನೂ ಹೆಂಡತಿಯೂ ಹಾಗೆ ನೋಡಿದೆವು. ಅವಳು ಒಳಗಿನಿಂದ ಕಾಗದ ಹಿಡಿದಳು, ನಾನು ಹೊರಗಿನಿಂದ ಎಳೆದೆ. ಮುಂಬದಿಯ ಕೆಳಮೂಲೆಯಲ್ಲಿ, ಗುಡ್ಡದಲ್ಲಿ ಕೋಣೆ ಸೊಟ್ಟಗಾದಾಗ ಹಿಸುಕಿದ ಜಾಗದಲ್ಲಿಯೇ, ಕಾಗದ ತಾನಾಗಿ ಕೈಗೆ ಬಂತು. ಆಮೇಲೆ ಒಂದು ಕೊಡ ನೀರನ್ನು ಅಲ್ಲಿಯೇ ಮೆಲ್ಲಗೆ ಸುರಿದೆ. ಒಳಗಿನಿಂದ ಅವಳು, "ಹನಿ ಬಂತ್ರಿ" ಎಂದಳು. ಹೊಸ ಸೀಲು ತರಿಸಿದ್ದೇನೆ, ಅಡ್ಡ ಮಳೆ ಒಂದು ಈಗಾಗಲೇ ಬಂದುಹೋಗಿದೆ, ರೋಹಿಣಿ ಮಳೆ ಹಿಡಿಯುವುದರೊಳಗೆ ಆ ಮೂಲೆಯನ್ನು ಬಿಚ್ಚಿ ಕೂರಿಸಬೇಕು.